ರೇಡಿಯೋ ಲಾರಿಗೆ ಬಿದ್ದ ಬಿರುಕು

ಹೋದ ತಿಂಗಳು ಸೇಡಂ ಕಡೆಯ ಗಾಡಿ ತಡವೆಂದು ವಾಡಿ ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ. ಪಕ್ಕದ ಸೈಕಲ್ ಅಂಗಡಿಯಲ್ಲಿ ಒಬ್ಬ ಟ್ಯೂಬಿನ ಮೇಲೆ ಸೊಲ್ಯೂಷನ್ ಸವರಿ, ಬಾಯಿಂದ ಊದಿ ಒಣಗಿಸುತ್ತಿದ್ದ. ಆ ವಾಸನೆಗೆ ಯಾರಿಗಾದರೂ ನೆನಪಾಗಬೇಕಾದದ್ದು ಸೈಕಲ್ಲು. ನನಗೆ ನೆನಪಾಗುವುದು ಒಂದು ಕೆಂಪು ಲಾರಿ, ಖಾಸಿಂ ಚಾಚಾನ ಅಂಗಳ, ಎಂಬತ್ತಮೂರನೇ ಇಸವಿಯ ಬೇಸಿಗೆ, ಮತ್ತು ಆ ಬೇಸಿಗೆಯಲ್ಲಿ ನಾನು ಮಾಡಿದ ಒಂದು ಶುದ್ಧ ಪೆದ್ದುತನ. ಕೈಯಲ್ಲಿದ್ದ ಚಹಾ ಆರಿಹೋದದ್ದೂ ಗೊತ್ತಾಗಲಿಲ್ಲ.

ಆಗ ನನಗೆ ಇಪ್ಪತ್ತಾರು. ವಾಡಿಯ ಸಿಮೆಂಟ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ. ಕೆಲಸವೆಂದರೆ ಸಿಮೆಂಟಿನ ಗಟ್ಟಿಗಳನ್ನು ಅಚ್ಚಿನಲ್ಲಿ ಎರೆಯುವುದು, ಏಳು ದಿನ ನೀರಿನಲ್ಲಿಡುವುದು, ಆಮೇಲೆ ಯಂತ್ರದ ಬಾಯಿಗೆ ಕೊಟ್ಟು ಎಷ್ಟು ಭಾರಕ್ಕೆ ಒಡೆಯುತ್ತವೆಂದು ನೋಡುವುದು. ದಿನವಿಡೀ ಒಡೆಯುವುದೇ ಕೆಲಸವಾದರೂ, ಸಿಮೆಂಟಿನ ಬಗ್ಗೆ ನನಗಿದ್ದ ಅಭಿಮಾನ ಅಷ್ಟಿಷ್ಟಲ್ಲ. ಅದು ತುಂಬಲಾರದ ಸಂದು ಭೂಮಿಯ ಮೇಲಿಲ್ಲ ಎಂದೇ ನಂಬಿದ್ದೆ.

ಇದ್ದದ್ದು ರೈಲ್ವೆಯವರ ಓಣಿಯಲ್ಲಿ, ಖಾಸಿಂಸಾಬರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ. ಊರಿಗೆಲ್ಲ ಅವರು ಖಾಸಿಂ ಚಾಚಾ. ಲೋಕೋ ಶೆಡ್ಡಿನಲ್ಲಿ ಉಗಿ ಎಂಜಿನ್ನುಗಳ ಫಿಟ್ಟರಾಗಿ ದುಡಿದು ನಿವೃತ್ತರಾದವರು. ವಾಡಿಯಲ್ಲಿ ಆಗ ಎರಡು ಜಾತಿ: ಹೊಗೆಯವರು, ಧೂಳಿನವರು. ರೈಲ್ವೆಯವರ ಅಂಗಿಯ ಮೇಲೆ ಮಸಿ, ನಮ್ಮ ಅಂಗಿಯ ಮೇಲೆ ಬೂದಿ. ನಾನು ಕೆಲಸ ಮುಗಿಸಿ ಬಂದಾಗಲೆಲ್ಲ ಚಾಚಾ ಕಟ್ಟೆಯ ಮೇಲಿಂದಲೇ ಶುರು ಮಾಡುತ್ತಿದ್ದರು.

“ಏನ್ ಶರಣಪ್ಪ, ಇವತ್ತ ಎಷ್ಟ್ ಗಟ್ಟಿ ಒಡದಿ?”

“ಹನ್ನೆರಡು, ಚಾಚಾ.”

“ನಾವು ಒಡದಿದ್ದು ಕೂಡಿಸೋರು, ನೀವು ಕೂಡಿದ್ದು ಒಡಿಯೋರು. ಆದ್ರ ಪಗಾರ ನಿಮಗ ಜಾಸ್ತಿ, ನೋಡು!”

ಒಳಗಿನಿಂದ ಚಾಚಿ ನಗುತ್ತಿದ್ದರು. ಮನೆಯಲ್ಲಿ ಅವರಿಬ್ಬರು, ಸೊಸೆ ಜುಬೇದಾ, ಐದು ವರ್ಷದ ಮೊಮ್ಮಗಳು ನಸೀಮಾ. ತಮ್ಮತಮ್ಮಲ್ಲಿ ದಖನಿ ಉರ್ದು ಮಾತಾಡುವವರು ನಾನು ಹೊಸಿಲು ದಾಟಿದ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದರು. ಬರಬರುತ್ತ ಅದೇ ರೂಢಿಯಾಗಿ ನಾನಿಲ್ಲದಾಗಲೂ ನಸೀಮಾ ಕನ್ನಡದಲ್ಲೇ ಜಗಳಾಡುತ್ತಾಳೆಂದು ಚಾಚಿ ದೂರುತ್ತಿದ್ದರು.

ಮಗ ಯೂಸುಫ್ ಸೌದಿಯಲ್ಲಿದ್ದ. ಅವನ ಮಾತು ಬಂದರೆ ಮಾತ್ರ ಚಾಚಾ ಎದ್ದುಹೋಗುತ್ತಿದ್ದರು. ಕಾರಣ ಚಾಚಿ ಒಮ್ಮೆ ರೊಟ್ಟಿ ಬಡಿಯುತ್ತ ಹೇಳಿದ್ದರು. ಯೂಸುಫ್ ಚಿಕ್ಕಂದಿನಿಂದ ಅಪ್ಪನ ಬೆನ್ನಿಗೇ ಬಿದ್ದು ಫಿಟ್ಟರ್ ಕೆಲಸ ಕಲಿತವನು. ಚಾಚಾ ಹತ್ತು ಜನರ ಕಾಲು ಹಿಡಿದು ಅವನ ಹೆಸರನ್ನು ಶೆಡ್ಡಿನ ಪಟ್ಟಿಗೆ ಸೇರಿಸಿದರು. ಹಾಜರಾಗಬೇಕಾದ ದಿನ ಅವನು ಮುಂಬಯಿ ಗಾಡಿ ಹತ್ತಿದ. ಉಗಿ ಎಂಜಿನ್ನುಗಳ ಕಾಲ ಮುಗಿಯಿತು, ಶೆಡ್ಡಿನಲ್ಲಿ ಇನ್ನು ಏನಿದೆ ಎಂದು ಹಿಂದಿನ ದಿನ ವಾದ ಮಾಡಿದ್ದನಂತೆ. “ಉಗಿ ಎಲ್ಲಿ ಹೋಗ್ತದ, ನನ್ನ ಕಣ್ಣಿಗಿ ಕಾಣ್ಲಿಕತ್ತದ, ಇನ್ನೂ ಮೂವತ್ತು ವರ್ಷ ಇರ್ತದ” ಎಂದು ಚಾಚಾ ಹಟ ಹಿಡಿದಿದ್ದರು. ಅಂದಿನಿಂದ ಎರಡೂವರೆ ವರ್ಷ ಮಗನಿಗೆ ಒಂದು ಮಾತಿಲ್ಲ. ಕ್ಯಾಸೆಟ್ಟಿನಲ್ಲಿ ಮಗ ತನ್ನ ದನಿ ತುಂಬಿಸಿ ಕಳಿಸಿದರೆ, ಅದು ಮುಗಿಯುವವರೆಗೂ ಚಾಚಾ ಲೆವೆಲ್ ಕ್ರಾಸಿಂಗಿನ ಹತ್ತಿರ ಹೋಗಿ ನಿಂತಿರುತ್ತಿದ್ದರು.

ಆ ಬೇಸಿಗೆಯ ಶುರುವಿನಲ್ಲಿ, ಸೌದಿಯಿಂದ ರಜೆಗೆ ಬಂದ ಶಹಾಬಾದಿನವನೊಬ್ಬ ಒಂದು ರಟ್ಟಿನ ಖೋಕಾ ತಂದುಕೊಟ್ಟ. ಒಳಗೆ ಒಂದು ಕ್ಯಾಸೆಟ್ಟು, ಒಂದು ಲಾರಿ. ಮೊಳದುದ್ದ, ಟೊಮೆಟೋ ಕೆಂಪು, ಹುಬ್ಬಿದ ರಬ್ಬರ್ ಗಾಲಿಗಳು. ಜೊತೆಗೆ ಉದ್ದನೆಯ ಕಡ್ಡಿಯಿದ್ದ ಒಂದು ಡಬ್ಬಿ. ಡಬ್ಬಿಯ ಗುಂಡಿ ಒತ್ತಿದರೆ ಲಾರಿ ತಾನೇ ಓಡುತ್ತಿತ್ತು, ನಡುವೆ ತಂತಿ ಗಿಂತಿ ಏನೂ ಇಲ್ಲ. ಓಣಿಯೇ ಬಂದು ಅಂಗಳದಲ್ಲಿ ನೆರೆಯಿತು.

“ಇದು ರೇಡಿಯೋದ ಮ್ಯಾಲ ನಡೀತದ ಚಾಚಿ,” ಎಂದೆ, ತಿಳಿದವನಂತೆ.

ಚಾಚಿಯ ಮುಖ ಸಣ್ಣಗಾಯಿತು. “ರೇಡಿಯೋ ಅಂದ್ರ ಪೋಸ್ಟಿನಾಗ ಲೈಸನ್ಸ್ ಮಾಡ್ಸಬೇಕೇನ್ ಬೇಟಾ? ಪೋಲಿಸ್ರು ಗಿಲೀಸ್ರು ಬಂದ್ರ?”

ಕ್ಯಾಸೆಟ್ಟಿನಲ್ಲಿ ಯೂಸುಫ್ ಮಗಳಿಗೆ ಹೇಳಿದ್ದು ಒಂದೇ ಮಾತು: ರಂಜಾನ್ ಹಬ್ಬಕ್ಕೆ ಬರುತ್ತೇನೆ, ನೀನೂ ನಾನೂ ಕೂಡಿ ಲಾರಿ ಓಡಿಸೋಣ, ಅಲ್ಲಿಯವರೆಗೆ ಜೋಪಾನ ಮಾಡು. ಅಪ್ಪ ಹೋದಾಗ ನಸೀಮಾ ಎರಡೂವರೆ ವರ್ಷದವಳು, ಅವನ ಮುಖ ಅವಳಿಗೆ ಫೋಟೋದಲ್ಲಿ ಮಾತ್ರ ಗೊತ್ತು. ಹಾಗಾಗಿ ಆ ಲಾರಿಯೇ ಅವಳ ಪಾಲಿಗೆ ಅಪ್ಪ. ದಿನಕ್ಕೆ ಒಮ್ಮೆ ಅಂಗಳದಲ್ಲಿ ಎರಡು ಸುತ್ತು ಓಡಿಸಿ, ಹಳೆಯ ಬಟ್ಟೆಯಿಂದ ಒರೆಸಿ, ಖೋಕಾದಲ್ಲಿ ಮಲಗಿಸುತ್ತಿದ್ದಳು. ಚಾಚಾ ಅದನ್ನು ‘ಅರಬರ ಗಾಡಿ’ ಎನ್ನುತ್ತಿದ್ದರು, ಮುಟ್ಟುತ್ತಿರಲಿಲ್ಲ.

ಅದನ್ನು ಒಡೆದವನು ನಾನು. ವಾರದ ರಜೆಯ ದಿನ ಮಧ್ಯಾಹ್ನ, ಚಾಚಾ ನಮಾಜಿಗೆ ಹೋಗಿದ್ದರು. ನಸೀಮಾ ತನ್ನ ಎರಡು ಸುತ್ತು ಮುಗಿಸಿದ್ದಳು. ನಾನು ಡಬ್ಬಿ ಇಸಿದುಕೊಂಡು, “ಕಟ್ಟಿ ಮ್ಯಾಲ ಓಡಿಸಿ ತೋರಸ್ತೀನಿ ನೋಡು” ಎಂದೆ. ಇಪ್ಪತ್ತಾರು ವರ್ಷದ ಕತ್ತೆಗೆ ಆಟಿಕೆ ಸಿಕ್ಕರೆ ಮತ್ತೇನಾಗುತ್ತದೆ? ಕಟ್ಟೆಯ ತುದಿಯಲ್ಲಿ ತಿರುಗಿಸಲು ಹೋದೆ, ತಿರುಗಲಿಲ್ಲ. ಲಾರಿ ಮೂತಿ ಕೆಳಗಾಗಿ ಅಂಗಳಕ್ಕೆ ಹಾಸಿದ ಶಹಾಬಾದ ಪರಸಿಗಲ್ಲಿನ ಮೇಲೆ ಬಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಮುಂದಿನ ಗಾಲಿಯ ಮೇಲಿನಿಂದ ಬಾಗಿಲಿನವರೆಗೆ ಬಾಡಿ ಸೀಳಿತ್ತು.

ಅವಳು ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ. ಲಾರಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೇಳಿದಳು, “ಅಬ್ಬಾ ಬಂದ್ರ ಏನ್ ಹೇಳಲಿ, ಕಾಕಾ?”

ನನಗೆ ನಾಚಿಕೆಯಿಂದ ನಿಂತ ನೆಲವೇ ಬಾಯಿ ತೆರೆಯಬಾರದೇ ಅನಿಸಿತು. “ಅಬ್ಬಾ ಬರೋದ್ರೊಳಗ ನಾ ಮೊದಲಿನಂಗ ಮಾಡ್ತೀನಿ” ಎಂದು ತಲೆ ಮುಟ್ಟಿ ಮಾತು ಕೊಟ್ಟೆ.

ಮಾತೇನೋ ಕೊಟ್ಟೆ, ಮಾಡಿದ್ದೇನು? ಸಿಮೆಂಟಿನವನು ಏನು ಮಾಡುತ್ತಾನೋ ಅದನ್ನೇ. ಅಷ್ಟು ತೆಳ್ಳನೆಯ, ಗಾಜಿನಂತೆ ತಿಳಿಯಾದ, ಬಗ್ಗಿಸಿದರೆ ಬಗ್ಗುವ ಪ್ಲಾಸ್ಟಿಕ್ಕು. ಬಣ್ಣವನ್ನು ಸಹ ಒಳಮೈಗೆ ಬಳಿದಿದ್ದರು, ಹೊರಗೆ ಎಷ್ಟು ಗೀಚಿದರೂ ಕೆಂಪು ಹೋಗದಂತೆ. ಅಂಥ ನಾಜೂಕಿನ ಮಾಲಿಗೆ ನಾನು ಪ್ರಯೋಗಶಾಲೆಯ ಒಳ್ಳೆಯ ಸಿಮೆಂಟು, ಜರಡಿ ಹಿಡಿದ ಮರಳು ತಂದು, ಬಾಡಿಯನ್ನು ಗಾಲಿ-ಮೋಟಾರಿನಿಂದ ಬಿಚ್ಚಿ, ಒಳಗಿನಿಂದ ಬೆರಳು ದಪ್ಪ ಮೆತ್ತಿದೆ. ಮೆತ್ತಿದ ಮೇಲೆ ಏಳು ದಿನ ನೀರುಣ್ಣಿಸಬೇಕಲ್ಲ! ಒದ್ದೆ ಗೋಣಿ ಹೊದಿಸಿ ಹಿತ್ತಲಿನ ನೆರಳಿನಲ್ಲಿಟ್ಟೆ. ನಸೀಮಾ ದಿನಕ್ಕೆ ಮೂರು ಹೊತ್ತು ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಳು. ನಮ್ಮ ಕಾರ್ಖಾನೆಯ ಗೆಳೆಯರಿಬ್ಬರು ಬಂದು ನೋಡಿ, ಬೆರಳಿನಿಂದ ತಟ್ಟಿ, “ಛಲೋ ಕೂತದ” ಎಂದು ಗಂಭೀರವಾಗಿ ಸರ್ಟಿಫಿಕೇಟು ಕೊಟ್ಟರು. ಚಾಚಾ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಮೀಸೆಯಡಿ ಸಣ್ಣ ನಗು.

ಎಂಟನೆಯ ದಿನ ಗೋಣಿ ತೆಗೆದೆವು. ಅಷ್ಟರಲ್ಲಿ ರಂಜಾನ್ ತಿಂಗಳು ಹಿಡಿದಿತ್ತು, ಮಿರಗದ ಮೊದಲ ಮಳೆಯೂ ಬಿದ್ದು ಸುಟ್ಟ ಪರಸಿಗಳು ತಣ್ಣಗಾಗಿದ್ದವು. ಬಾಡಿ ಕೂರಿಸಿ, ಹೊಸ ಸೆಲ್ಲು ಹಾಕಿ ಗುಂಡಿ ಒತ್ತಿದೆ. ಲಾರಿ ಸೂತಕದ ಮನೆಗೆ ಹೊರಟ ಎಮ್ಮೆಯ ಹಾಗೆ ಮುಂದೆ ಬಾಗಿ, ಗುರ್ರೆಂದು ಒಂದು ಗೇಣು ಹೋಗಿ, ಎರಡು ಪರಸಿಗಳ ನಡುವಿನ ಸಂದಿಗೆ ಕುಕ್ಕಿತು. ಒಳಗಿನ ಸಿಮೆಂಟು ಇಡೀ ಹೆಂಟೆಯಾಗಿ ಕಳಚಿ ಕೆಳಗೆ ಬಿತ್ತು. ಹೆಂಟೆಗೆ ಏನೂ ಆಗಿರಲಿಲ್ಲ, ಪ್ರಯೋಗಶಾಲೆಯಲ್ಲಾಗಿದ್ದರೆ ಒಂದನೇ ದರ್ಜೆಯಲ್ಲಿ ಪಾಸು. ಬಿರುಕು ಮಾತ್ರ ಬಾಗಿಲು ದಾಟಿ ಇನ್ನೆರಡು ಬೆರಳು ಹಿಂದಕ್ಕೆ ಓಡಿತ್ತು. ಅದೇ ವಾರ ಯೂಸುಫನ ಕಾಗದ ಬಂತು, ಹಬ್ಬಕ್ಕೆ ನಾಲ್ಕು ದಿನ ಮೊದಲು ಬರುತ್ತಾನೆಂದು. ನಸೀಮಾ ಈ ಸಲ ಬಿಕ್ಕಿ ಬಿಕ್ಕಿ ಅತ್ತಳು.

ಆಗ ಕಟ್ಟೆಯ ಮೇಲಿಂದ ದನಿ ಬಂತು.

“ಶರಣಪ್ಪ, ಬಿರುಕು ಮುಚ್ಚಿದ್ರ ನಿಂದ್ರೋದಿಲ್ಲ. ಮೊದಲ ಅದನ್ನ ನಿಂದ್ರಿಸಬೇಕು, ಆಮ್ಯಾಲ ಮುಚ್ಚಬೇಕು.”

“ಹ್ಯಾಂಗ ನಿಂದ್ರಿಸಬೇಕು ಚಾಚಾ?”

“ಅದರ ತುದೀಗಿ ಒಂದು ಸಣ್ಣ ತೂತು ಹೊಡಿಬೇಕು. ಓಡಿ ಬಂದ ಬಿರುಕು ತೂತಿನಾಗ ಬಿದ್ದು ಅಲ್ಲೇ ಸುಮ್ಮನಾಗ್ತದ. ಎಂಜಿನ್ನಿನ ನೀರಿನ ತೊಟ್ಟಿ ತಗಡು ಸೀಳಿದ್ರ ನಾವು ಹಂಗೇ ಮಾಡ್ತಿದ್ದಿವಿ.” ಆಮೇಲೆ ಸೇರಿಸಿದರು, “ನೀ ಮಾಡು. ಅರಬರ ಗಾಡಿ ನಾ ಮುಟ್ಟೋದಿಲ್ಲ.”

ನಾನು ಸೂಜಿ ಕಾಯಿಸಿ ಕೂತೆ. ತುದಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ಬಿರುಕು ತೆಳುವಾಗುತ್ತ ಹೋಗಿ ಕಣ್ಣಿಗೆ ಕಾಣದಂತೆ ಕರಗುತ್ತಿತ್ತು.

“ಮೋತಿಗಿ ಹಚ್ಚೋ ಪೌಡರ್ ತಿಕ್ಕಿ ಒರಸು,” ಎಂದರು ಚಾಚಾ, ಎರಡು ಮಾರು ದೂರದಿಂದ.

ಜುಬೇದಾ ಪೌಡರ್ ಡಬ್ಬಿ ತಂದುಕೊಟ್ಟಳು. ತಿಕ್ಕಿ ಒರೆಸಿದಾಗ ಬಿರುಕಿನಲ್ಲಿ ಉಳಿದ ಬಿಳಿ ಪುಡಿ ಕೆಂಪು ಮೈಮೇಲೆ ಕೂದಲೆಳೆಯಂತೆ ಕಂಡಿತು. ನಾನು ಸೂಜಿ ಇಟ್ಟೆ. ಮೊನೆ ಹಿಂದಕ್ಕೆ ಜಾರಿತು.

“ಅಲ್ಲಲ್ಲ! ಅಲ್ಲಿ ಅಲ್ಲ, ಇನ್ನೂ ಮುಂದ... ತಡಿ, ತಡಿ, ಸುಡಬ್ಯಾಡ!” ಚಾಚಾ ಕಟ್ಟೆ ಇಳಿದೇ ಬಿಟ್ಟರು. “ಹೊಲಸು ಮಾಡಿಬಿಡ್ತೀಯಲ್ಲೋ. ಸರಿ ಆಕಡೆ.”

ಒಳಗೆ ಹೋಗಿ ಮಂಚದ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆ ಎಳೆದು ತಂದರು. ನಿವೃತ್ತರಾದ ಮೇಲೆ ಅದನ್ನು ತೆರೆದದ್ದು ಅದೇ ಮೊದಲೆಂದು ಚಾಚಿ ಆಮೇಲೆ ಹೇಳಿದರು. ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಕೈ ಬೈರಿಗೆ, ಕಡ್ಡಿ ಗಾತ್ರದ ಅದರ ಮೊನೆಗಳು, ಅರಗಳು. ರೋಜಾದ ಉಪವಾಸಕ್ಕೆ ಬಾಯಿ ಒಣಗಿತ್ತು, ಆದರೆ ಕೈ ಅಲುಗಲಿಲ್ಲ. ಲಾರಿಯ ಒಳಗೆ ಒಂದು ಮರದ ತುಂಡು ಆನಿಸಿ, ಕನ್ನಡಕ ಹಣೆಗೇರಿಸಿ, ಬಿಳಿ ಎಳೆಯ ತುದಿಯಲ್ಲಿ ಬೈರಿಗೆ ಇಟ್ಟು ಮೆಲ್ಲಗೆ ತಿರುಗಿಸಿದರು. ಪ್ಲಾಸ್ಟಿಕ್ಕಿನ ಸಣ್ಣ ಸುರುಳಿ ಎದ್ದು ಬಂತು. ಸಾಸಿವೆಯಷ್ಟು ತೂತು. ಅಂಚನ್ನು ದಪ್ಪ ಮೊನೆಯಿಂದ ಒಮ್ಮೆ ಸವರಿ ನುಣುಪು ಮಾಡಿದರು. ಆಮೇಲೆ ಅದರಿಂದ ಒಂದು ಅಕ್ಕಿಕಾಳಿನಷ್ಟು ಮುಂದೆ ಇನ್ನೊಂದು ತೂತು ಹೊಡೆದರು.

“ಎರಡು ಯಾಕ ಚಾಚಾ?”

“ಒಂದು ಬಿರುಕಿಗಿ. ಇನ್ನೊಂದು ನನ್ನ ಕಣ್ಣಿನ ತಪ್ಪಿಗಿ. ಬಿರುಕು ಎಲ್ಲಿ ಮುಗದದ ಅಂತ ಯಾರಿಗಿ ಖರೇ ಗೊತ್ತಿರ್ತದ? ಶೆಡ್ಡಿನಾಗ ಎಲ್ಲಾರೂ ನಗ್ತಿದ್ರು ನನಗ, ಖಾಸಿಂನ ಜೋಡಿ ತೂತು ಅಂತ.”

ಮುಂದಿನ ಮೂರು ದಿನ ಇಳಿಹೊತ್ತಿನ ಅಸ್ರ್ ನಮಾಜಿನಿಂದ ರೋಜಾ ಬಿಡುವ ಇಫ್ತಾರಿನವರೆಗೆ ಅಂಗಳವೇ ಲೋಕೋ ಶೆಡ್ಡಾಯಿತು. ನನ್ನ ಸಿಮೆಂಟಿನ ಕಲೆಯನ್ನೆಲ್ಲ ಸಾಬೂನು ನೀರಿನಲ್ಲಿ ತೊಳೆಸಿದರು. ಬಣ್ಣ ಎದ್ದ ಕಡೆ ಎಂಜಿನ್ನಿನ ಮೂತಿಗೆ ಬಳಿಯುವ ಕೆಂಪು ಬಣ್ಣವನ್ನು, ಹಳೆಯ ಡಬ್ಬಿಯ ತಳದಿಂದ ಕೆರೆದು, ಒಳಗಿನಿಂದಲೇ ಬಳಿದರು. ಅದು ಒಣಗಿದ ಮೇಲೆ ಒಳಮೈಯನ್ನು ಮರಳು ಕಾಗದದಿಂದ ತುಸು ಒರಟು ಮಾಡಿ ಸೈಕಲ್ ಸೊಲ್ಯೂಷನ್. ನಾನು ದಪ್ಪಗೆ ಸುರಿಯಲು ಹೋದರೆ ಕೈಗೆ ಹೊಡೆದರು. ತೆಳ್ಳಗೆ ಸವರಬೇಕು, ಬೆರಳಿಟ್ಟರೆ ಎಳೆ ಬರದಷ್ಟು ಒಣಗಬೇಕು, ಆಮೇಲೆ ಜುಬೇದಾಳ ಹಳೆಯ ಮಲ್ಮಲ್ ಓಢಣಿಯ ಪಟ್ಟಿ ಕೂಡಿಸಬೇಕು.

“ಪಟ್ಟಿ ಮೂಲಿ ದುಂಡಗ ಕತ್ತರಸು. ಚೂಪ ಮೂಲಿ ಮೊದಲ ಏಳ್ತದ,” ಎಂದು ಸೊಸೆಗೆ ಹೇಳಿದರು. ಅದರ ಮೇಲೆ ಇನ್ನೊಂದು ಕೋಟು, ಅಡ್ಡಡ್ಡ ಇನ್ನೊಂದು ಪಟ್ಟಿ. “ಇದು ಬಗ್ಗೋ ಸಾಮಾನು, ಶರಣಪ್ಪ. ಇದಕ್ಕ ಬಗ್ಗೋ ಔಷಧನೇ ಬೇಕು. ನಿನ್ನ ಸಿಮೆಂಟು ಮುರೀತದ, ಬಗ್ಗೋದಿಲ್ಲ.”

ಚಾಚಿ ಒಲೆಯ ಮುಂದಿನಿಂದಲೇ ಅಂದರು, “ಇನ್ನೊಬ್ಬರೂ ಹಂಗೇ ಅದಾರ ಈ ಮನಿಯಾಗ.” ಚಾಚಾ ಕೇಳದವರಂತೆ ಪಟ್ಟಿ ಒತ್ತುತ್ತಿದ್ದರು.

ಮತ್ತೆ ಬಿದ್ದರೆ ಏನು ಗತಿ ಎಂಬುದಕ್ಕೂ ವ್ಯವಸ್ಥೆಯಾಯಿತು. ಮೂತಿಯ ಒಳಗೆ ನನ್ನ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಮೆತ್ತೆ, ದಂಡವೆಂದು ಕೊಟ್ಟೆ. ಮುಂದೆ ಸೈಕಲ್ ಟ್ಯೂಬಿನ ತುಂಡನ್ನು ಸುರುಳಿ ಸುತ್ತಿ, ತಂತಿ ಕಟ್ಟಿ, ಎಂಜಿನ್ನಿನ ಮುಂದೆ ಗುದ್ದು ತಡೆಯುವ ಬಫರಿನ ಹಾಗೆ ಎರಡು ಗುಬುಟು. ಬಾಡಿಯನ್ನು ಕೂರಿಸುವ ನಾಲ್ಕು ಕಡೆ ಟ್ಯೂಬಿನ ಬಿಲ್ಲೆಗಳು. ಲಾರಿಗೆ ರೈಲ್ವೆಯ ಮುಖ ಬಂತು. ನಸೀಮಾಗಂತೂ ಅದು ಮೊದಲಿಗಿಂತ ಹೆಚ್ಚು ಸೇರಿತು. ನನಗೂ ಆ ಮೂರು ದಿನಗಳಷ್ಟು ಖುಷಿಯ ದಿನಗಳು ವಾಡಿಯಲ್ಲಿ ಮತ್ತೆ ಸಿಗಲಿಲ್ಲ. ಮಸೀದಿಯ ಸೈರನ್ ಕೂಗಿದರೆ ಖರ್ಜೂರದ ತಟ್ಟೆ ನಮ್ಮೆಲ್ಲರ ನಡುವೆ ಬರುತ್ತಿತ್ತು, ಎಲ್ಲರ ಕೈಗೂ ಸೊಲ್ಯೂಷನ್ ವಾಸನೆ.

ಕೊನೆಯ ದಿನ ಚಾಚಾ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ತಾಕೀತು ಮಾಡಿದರು. “ಯಾರು ಮಾಡ್ಯಾರ ಅಂತ ಕೇಳಿದ್ರ ಶರಣು ಕಾಕಾ ಅಂತ ಹೇಳು. ನನ್ನ ಹೆಸರ ತಗೀಬಾರ್ದು.”

ಯೂಸುಫ್ ಬಂದ ದಿನ ಬೆಳಿಗ್ಗೆ ಮಳೆ ಹೊಯ್ದು ನಿಂತು ಎಳೆಬಿಸಿಲು ಬಿದ್ದಿತ್ತು. ಸ್ಟೇಷನ್ನಿಗೆ ನಾನು, ಚಾಚಿ ಹೋದೆವು. ಮನೆಗೆ ಬಂದಾಗ ಚಾಚಾ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದರು. ಮಗ ಸಲಾಮ್ ಮಾಡಿದ. ಚಾಚಾ ತುಟಿಯಲ್ಲೇ ಉತ್ತರ ಕೊಟ್ಟು ಪುಟ ತಿರುವಿದರು. ಅವನು ಅಂಗಳದ ನಡುವೆ ಸೂಟ್‌ಕೇಸ್ ಹಿಡಿದು ನಿಂತೇ ಇದ್ದ. ನಸೀಮಾ ಪರದೆಯ ಹಿಂದಿನಿಂದ ಹೊರಗೆ ಬರಲೊಲ್ಲಳು. ಚಾಚಿ ಕರೆದರು, ಜುಬೇದಾ ನೂಕಿದಳು. ಕಡೆಗೆ ಲಾರಿಯನ್ನು ಎದೆಗೆ ಅವುಚಿಕೊಂಡು ಬಂದು, ಅಪ್ಪನ ಕಾಲ ಬಳಿ ಇಟ್ಟು, ಪಾಠ ಒಪ್ಪಿಸಿದಳು.

“ಬಿದ್ದು ಒಡದಿತ್ತು. ಶರಣು ಕಾಕಾ ಮಾಡ್ಯಾರ.”

ಯೂಸುಫ್ ಕೂತು ಮಗಳ ತಲೆ ನೇವರಿಸಿ ಲಾರಿಯನ್ನು ಕೈಗೆತ್ತಿಕೊಂಡ. ಬಫರು ನೋಡಿ ನಕ್ಕ. ಬಿರುಕಿನ ಗುಂಟ ಬೆರಳಾಡಿಸುತ್ತ ಹೋದವನು ತುದಿಗೆ ಬಂದು ನಿಂತ. ಬೆರಳು ಒಂದು ತೂತಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ. ಅವನ ನಗು ಹೋಯಿತು.

“ನೀವು ಸಿಮೆಂಟಿನೋರಲ್ರಿ?” ಎಂದು ನನ್ನನ್ನು ಕೇಳಿದ. ಹೌದೆಂದು ತಲೆಯಾಡಿಸಿದೆ. ಅವನು ಲಾರಿಯನ್ನೇ ನೋಡುತ್ತ ಹೇಳಿದ, “ಅಲ್ಲಿ ಸೌದಿಯಾಗ ನಾನೂ ಎರಡು ತೂತು ಹೊಡೀತೀನಿ. ಒಂದು ಸಾಕು, ಟೈಮ್ ಹಾಳ್ ಮಾಡ್ಬ್ಯಾಡ ಅಂತ ಫೋರ್‌ಮನ್ ಬೈತಾನ. ಬಿಡಂಗಿಲ್ಲ ನಾ.”

ಪೇಪರು ಅಲುಗಲಿಲ್ಲ. ಅದರ ಹಿಂದಿನಿಂದ ಚಾಚಾ ಅಂದರು, “ಕುಂದ್ರು ಅಂತ ಹೇಳ್ರಿ ಅವಗ. ಎಷ್ಟೊತ್ತು ನಿಂದ್ರತಾನ.” ಎದುರಿಗೇ ಇದ್ದವನಿಗೆ ನಮ್ಮ ಮೂಲಕ ಹೇಳಿದ ಮಾತು. ಆದರೂ ಎರಡೂವರೆ ವರ್ಷದಲ್ಲಿ ಅದೇ ಮೊದಲನೆಯದು. ಚಾಚಿ ಮುಖಕ್ಕೆ ಸೆರಗು ಹಿಡಿದು ಒಳಗೆ ಹೋದರು.

ಸಂಜೆ ಅಪ್ಪ ಮಗಳು ಕೂಡಿ ಲಾರಿ ಓಡಿಸಿದರು, ಕ್ಯಾಸೆಟ್ಟಿನಲ್ಲಿ ಹೇಳಿದ ಹಾಗೆಯೇ. ಅವಳ ಬೆರಳು ಗುಂಡಿಯ ಮೇಲೆ, ಅವನ ಬೆರಳು ಅವಳ ಬೆರಳ ಮೇಲೆ. ಎರಡು ಸುತ್ತಿನ ನೇಮ ಮುರಿದು ಹತ್ತು ಸುತ್ತಾಯಿತು. ಹನ್ನೊಂದನೆಯದಕ್ಕೆ ಇಬ್ಬರೂ ನಗುತ್ತ ತಿರುಗಿಸುವುದನ್ನು ಮರೆತರು. ಲಾರಿ ನೇರ ಹೋಗಿ, ಚಾಚಾ ಕಾಲು ಇಳಿಬಿಟ್ಟು ಕೂತಿದ್ದ ಕಟ್ಟೆಗೆ ಧಡ್ಡೆಂದು ಗುದ್ದಿ ಮಗುಚಿ ಬಿತ್ತು. ನಾನಂತೂ ಕಣ್ಣು ಮುಚ್ಚಿಕೊಂಡೆ.

ಎತ್ತಿದವರು ಚಾಚಾ. ಪೇಪರು ಬದಿಗಿಟ್ಟು, ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದು ನೋಡಿದರು. ಪಟ್ಟಿ ಎದ್ದಿರಲಿಲ್ಲ, ಬಫರು ಅಲುಗಿರಲಿಲ್ಲ. ಆದರೆ ಅವರು ಬಹಳ ಹೊತ್ತು ನೋಡಿದರು. ಯೂಸುಫ್ ಎದ್ದು ಹೋಗಿ ಪಕ್ಕದಲ್ಲಿ ಬಗ್ಗಿದ. ನಾನೂ ಇಣುಕಿದೆ. ಹೊಸದಾಗಿ ಒಂದು ಕೂದಲೆಳೆ ಮೊದಲನೆಯ ತೂತಿನ ಮಗ್ಗುಲಿನಿಂದ ಹಾಯ್ದು, ಅಕ್ಕಿಕಾಳಿನಷ್ಟು ಮುಂದೆ ಬಂದು, ಎರಡನೆಯ ತೂತಿನಲ್ಲಿ ಬಿದ್ದು ನಿಂತಿತ್ತು.

ಚಾಚಾ ಮಗನ ಕಡೆ ತಿರುಗಿದರು.

“ನನ್ನ ಕಣ್ಣು ತಪ್ಪಿತ್ತು, ಯೂಸುಫ್,” ಎಂದರು.